ಬಿಡುವಿನ ಮೇಜು: ಗೂಡ್ಸ್ ಶೆಡ್ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಪುಟ್ಟ ರೈಲಿಗೆ ಗೂಡ್ಸ್ ಶೆಡ್ ಕಟ್ಟಿ ನೋಡು ಎನ್ನಲಿಲ್ಲ; ಆ ಕಷ್ಟ ಅವರಿಗೆ ಬಂದಿರಲಿಲ್ಲ. ಕಳೆದ ಸಂಚಿಕೆಯಲ್ಲಿ ಹಳಿ ಜೋಡಿಸುವುದನ್ನು ಕುರಿತು ಬರೆದ ಮೇಲೆ ಸದಸ್ಯರೊಬ್ಬರು ಕೇಳಿದರು: "ನಿಮ್ಮ ರೈಲು ಸುತ್ತುತ್ತದೆ, ಸರಿ. ಹೋಗುವುದೆಲ್ಲಿಗೆ?" ನ್ಯಾಯವಾದ ಪ್ರಶ್ನೆ. ಸಾಮಾನು ಹೊತ್ತ ಗಾಡಿಗೆ ಇಳಿಸುವ ಜಾಗ ಬೇಕು. ಆದ್ದರಿಂದ ಈ ಸಲ ಗೂಡ್ಸ್ ಶೆಡ್. ಅಂಗಡಿಯಿಂದ ತಂದ ಕಿಟ್ ಅಲ್ಲ. ಹಾಳೆ, ಚಾಕು, ಸ್ಟೀಲ್ ಸ್ಕೇಲು ಹಿಡಿದು ಬುಡದಿಂದ ಕಟ್ಟುವುದು.

ಗೂಡ್ಸ್ ಶೆಡ್ ಎಂದರೆ ಬೆಂಗಳೂರಿನವರಿಗೆ ಒಂದು ರಸ್ತೆಯ ಹೆಸರು. ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಅದು ಊರಿನ ಉಗ್ರಾಣದ ಬಾಗಿಲಾಗಿತ್ತು. ಹಳಿ ಕಟ್ಟಡದ ಒಂದು ತುದಿಯಿಂದ ಒಳಹೊಕ್ಕು ಇನ್ನೊಂದು ತುದಿಯಿಂದ ಹೊರಬರುತ್ತಿತ್ತು. ಒಳಗೆ ವ್ಯಾಗನ್ನಿನ ನೆಲದ ಮಟ್ಟಕ್ಕೆ ಹತ್ತಿರವಾಗಿ ಒಂದು ಜಗಲಿ, ಅದರ ಮೇಲೆ ಕೈಯಿಂದ ತಿರುಗಿಸುವ ಕ್ರೇನು. ಜಗಲಿಯ ಆಚೆ ಬದಿಗೆ ಕುದುರೆಗಾಡಿ ಬಂದು ನಿಲ್ಲುವುದು. ಸಕ್ಕರೆ, ಹಿಟ್ಟು, ಮೇಜು ಕುರ್ಚಿ ಎಲ್ಲ ಮಳೆಗೆ ನೆನೆಯದೆ ಕೈ ಬದಲಾಗಬೇಕೆಂಬುದೇ ಶೆಡ್ಡಿನ ಉದ್ದೇಶ. ಕಲ್ಲಿದ್ದಲು ನೆನೆದರೂ ಚಿಂತೆಯಿಲ್ಲವಾದ್ದರಿಂದ ಅದನ್ನು ಹೊರಗೆ ಬಯಲಿನಲ್ಲೇ ಇಳಿಸುತ್ತಿದ್ದರು. ನಿಮ್ಮ ಮಕ್ಕಳು ಕಲ್ಲಿದ್ದಲಿನ ವ್ಯಾಗನ್ನನ್ನು ಶೆಡ್ಡಿನೊಳಗೆ ನೂಕಿದರೆ ಇಷ್ಟನ್ನು ಹೇಳಿಕೊಡಿ.

ಬಂದ ಸಾಮಾನನ್ನು ಬೇಡವೆನ್ನದೆ ಸಾಗಿಸಬೇಕೆಂಬ ಹಳೆಯ ಕಟ್ಟುಪಾಡಿನಿಂದ ಬ್ರಿಟಿಷ್ ರೈಲ್ವೆಯನ್ನು ಬಿಡಿಸಿದ್ದು 1962ರ ಸಾರಿಗೆ ಕಾಯಿದೆ. ಮರುವರ್ಷ, 1963ರಲ್ಲಿ, ಬೀಚಿಂಗ್ ವರದಿ ಬಂತು. ಆ ದಶಕದಲ್ಲಿ ಊರೂರಿನ ಸರಕು ಅಂಗಳಗಳು ಮುಚ್ಚಿದವು. ಶೆಡ್ಡುಗಳಲ್ಲಿ ಕೆಲವು ಉರುಳಿದವು, ಕೆಲವು ಅಂಗಡಿಯೋ ಕಚೇರಿಯೋ ಆಗಿ ಉಳಿದವು. ಆಕ್ಸ್‌ಫರ್ಡಿನ ಹತ್ತಿರ ಡಿಡ್‌ಕಾಟ್ ರೈಲ್ವೆ ಸೆಂಟರಿನಲ್ಲಿ ಒಂದು ವಿಶೇಷ ಶೆಡ್ ಇದೆ. ಬ್ರೂನೆಲ್‌ನ 7 ಅಡಿ ಅಗಲದ ಹಳಿ 1892ರಲ್ಲಿ ಕೊನೆಗೊಳ್ಳುವವರೆಗೆ, ಅಗಲ ಹಳಿಯ ವ್ಯಾಗನ್ನಿನಿಂದ ಸಾಮಾನ್ಯ ಹಳಿಯ ವ್ಯಾಗನ್ನಿಗೆ ಸಾಮಾನನ್ನು ಕೈಯಿಂದಲೇ ದಾಟಿಸುತ್ತಿದ್ದ ಬಗೆಯ ಕಟ್ಟಡ ಅದು.

ಇನ್ನು ಅಳತೆ. ನಮ್ಮಲ್ಲಿ ಹೆಚ್ಚಿನವರದು ಓಓ ರೈಲು: ಒಂದು ಅಡಿಗೆ 4 ಮಿಲಿಮೀಟರ್. ಎತ್ತರ ತಿಳಿಯಲು ಏಣಿ ಹತ್ತಬೇಕಿಲ್ಲ, ಇಟ್ಟಿಗೆ ಎಣಿಸಿದರೆ ಸಾಕು. ಸಾಮಾನ್ಯವಾಗಿ ಗಾರೆ ಸೇರಿ ನಾಲ್ಕು ವರಸೆಗೆ ಒಂದು ಅಡಿ. ಅಂದರೆ ಗೋಡೆಯ ಒಂದು ವರಸೆ ನಮ್ಮ ಮೇಜಿನ ಮೇಲೆ ಸರಿಯಾಗಿ ಒಂದು ಮಿಲಿಮೀಟರ್! ಬಾಗಿಲು 52 ವರಸೆ ಎತ್ತರವಿದ್ದರೆ 52 ಮಿಲಿಮೀಟರ್ ಕತ್ತರಿಸಿ. ಕೆಡವಿದ ಶೆಡ್ಡಿನ ಹಳೆಯ ಫೋಟೋ ಸ್ಪಷ್ಟವಾಗಿದ್ದರೂ ಈ ಲೆಕ್ಕ ನಡೆಯುತ್ತದೆ. ಆದರೆ ಹಳಿಯ ಅಗಲವನ್ನು ಅಳತೆಗೋಲಾಗಿ ಹಿಡಿಯಬೇಡಿ. 4 ಅಡಿ 8½ ಅಂಗುಲ ಲೆಕ್ಕಕ್ಕೆ 18.83 ಮಿಲಿಮೀಟರ್ ಆಗಬೇಕು. ಓಓ ಹಳಿ ಇರುವುದು 16.5. ಬಾಗಿಲು ಅಂಟಿಸುವ ಮೊದಲು ನಿಮ್ಮಲ್ಲಿರುವ ಅತಿ ಅಗಲದ ಗಾಡಿಯನ್ನು ಅದರಲ್ಲಿ ದಾಟಿಸಿ ನೋಡಿ.

ಒಂಬತ್ತು ಅಂಗುಲದ ಗೋಡೆ 3 ಮಿಲಿಮೀಟರ್ ದಪ್ಪ. ಒಂದೇ ತೆಳು ಹಾಳೆಯಲ್ಲಿ ಮಾಡಿದರೆ ಬಾಗಿಲಿನ ಅಂಚಿನಲ್ಲಿ ಬಿಸ್ಕತ್ತಿನ ಡಬ್ಬದಂತೆ ಕಾಣುತ್ತದೆ. ಆದ್ದರಿಂದ 1 ಮಿಲಿಮೀಟರ್ ಪಾಲಿಸ್ಟೈರೀನ್ ಹಾಳೆಗಳನ್ನು ಮೂರು ಪದರವಾಗಿ ಅಂಟಿಸುತ್ತೇವೆ. ಛಾವಣಿಗೆ ವೇಲ್ಸಿನ ಸ್ಲೇಟು. 20 ಅಂಗುಲ ಉದ್ದ, 10 ಅಂಗುಲ ಅಗಲದ ಸ್ಲೇಟಿಗೆ ಅಲ್ಲಿ 'ಕೌಂಟೆಸ್' ಎಂದು ಹೆಸರು. ಇನ್ನೂ ದೊಡ್ಡದು 'ಡಚೆಸ್', ಚಿಕ್ಕದು 'ಲೇಡಿ'. ಮಳೆ ತಡೆಯುವ ಕೆಲಸವೆಲ್ಲ ಹೆಂಗಸರದೇ ಎಂದು ನನ್ನ ಹೆಂಡತಿಯ ಟಿಪ್ಪಣಿ. ಕಾಗದದ ಪಟ್ಟಿಯಲ್ಲಿ 3.3 ಮಿಲಿಮೀಟರಿಗೊಂದು ಸೀಳು ಹಾಕಿ, ಕೆಳಗಿನಿಂದ ಮೇಲಕ್ಕೆ, ಸಾಲಿನಿಂದ ಸಾಲಿಗೆ ಅರ್ಧ ಸ್ಲೇಟು ಸರಿಸಿ ಅಂಟಿಸಿ. ಪ್ರತಿ ಸಾಲಿನಲ್ಲಿ ಹೊರಗೆ ಕಾಣುವುದು 2.8 ಮಿಲಿಮೀಟರ್ ಮಾತ್ರ.

ಈಗ ನನ್ನ ಕಸುಬಿಗೆ ಸೇರಿದ ಮಾತು. ಪಾಲಿಸ್ಟೈರೀನಿಗೆ ಹಚ್ಚುವ ದ್ರವ ನಿಜವಾಗಿ ಅಂಟಲ್ಲ, ದ್ರಾವಕ. ಎರಡು ಹಾಳೆಗಳ ಮೈಯನ್ನೂ ಕರಗಿಸುತ್ತದೆ. ಉದ್ದನೆಯ ಅಣುಸರಪಳಿಗಳು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿದಾಗ ಎರಡೂ ಒಂದೇ ತುಂಡು. ತೊಂದರೆ ಆರುವುದರಲ್ಲಿದೆ. ಪದರಗಳ ನಡುವೆ ಸಿಕ್ಕಿಕೊಂಡ ದ್ರಾವಕಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಪ್ಲಾಸ್ಟಿಕ್ಕನ್ನು ಒಳಗಿನಿಂದಲೇ ಮೆತ್ತಗೆ ಮಾಡುತ್ತದೆ. ಇಂದು ನೆಟ್ಟಗಿರುವ ಗೋಡೆ ಕೆಲವು ವಾರಗಳಲ್ಲಿ ಹಪ್ಪಳದಂತೆ ಬಾಗುತ್ತದೆ. ಪರಿಹಾರ ಸುಲಭ: ಒಳಪದರಗಳಿಗೆ ಮೊದಲೇ ಅಲ್ಲಲ್ಲಿ ತೂತು ಕೊರೆಯಿರಿ, ದ್ರಾವಕವನ್ನು ಕುಂಚದ ತುದಿಯಲ್ಲಿ ಮಿತವಾಗಿ ಮುಟ್ಟಿಸಿ, ಒಣಗುವವರೆಗೆ ಸಮತಟ್ಟಾದ ಭಾರ ಇಡಿ.

ಗೋಡೆ ಬಾಗಿದರೆ ಇನ್ನೊಂದು ಕಟ್ಟಬಹುದು. ಮನೆಯವರ ಆರೋಗ್ಯ ಹಾಗಲ್ಲ. ನಮ್ಮ ಈ ಕೆಲಸ ನಡೆಯುವುದೇ ಚಳಿಗಾಲದಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ. ಬಾಟಲಿಯ ಲೇಬಲ್ ಓದಿ. ಡೈಕ್ಲೋರೋಮೀಥೇನ್ ಅಥವಾ ಮೀಥಿಲೀನ್ ಕ್ಲೋರೈಡ್ ಎಂದಿದ್ದರೆ (ಎರಡೂ ಒಂದೇ) ಮನೆಗೆ ತರಬೇಡಿ. ಅದು ಸುಮಾರು 40 ಡಿಗ್ರಿಯಲ್ಲೇ ಕುದಿಯುತ್ತದೆ. ಉಸಿರಿನೊಡನೆ ಒಳಹೋದದ್ದು ಯಕೃತ್ತಿನಲ್ಲಿ ಒಡೆದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ; ಬಾಟಲಿ ಮುಚ್ಚಿಟ್ಟ ಮೇಲೂ ಇದು ಕೆಲವು ಗಂಟೆ ನಡೆಯುತ್ತಲೇ ಇರುತ್ತದೆ. ಊರಿನಿಂದ ಬಂದಿರುವ ಹೃದಯದ ತೊಂದರೆಯ ತಂದೆಯವರು ಪಕ್ಕದಲ್ಲಿ ಕುಳಿತು ನಿಮ್ಮ ಕೈಚಳಕ ನೋಡುತ್ತಿದ್ದರೆ ಅವರಿಗೆ ಇದು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ 2024ರಲ್ಲಿ ಇದರ ಮನೆಬಳಕೆಯನ್ನೇ ನಿಷೇಧಿಸಿದರು.

ಬ್ಯುಟನೋನ್ ಇಷ್ಟು ಕೆಟ್ಟದ್ದಲ್ಲ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೂ ಅದರ ಆವಿ ಹೊತ್ತಿಕೊಳ್ಳಬಲ್ಲದು. ಕಿಟಕಿ ತೆರೆಯಿರಿ, ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇರುವ ಕಡೆ ಬೇಡ. ಬಾಟಲಿ ಮಗುಚಿದರೆ ಆವಿ ಗಾಳಿಗಿಂತ ಭಾರವಾದ್ದರಿಂದ ಮೊದಲು ನೆಲದ ಮೇಲೆ, ಅಂದರೆ ಕೂಸು ಆಡುವ ಮಟ್ಟದಲ್ಲಿ, ಹರಡುತ್ತದೆ. ಧೂಳಿಗೆ ಕಟ್ಟುವ ಮುಖವಾಡ ಆವಿಯನ್ನು ತಡೆಯದು. ತೆಳುವಾದ ನೈಟ್ರೈಲ್ ಕೈಗವಸನ್ನೂ ಈ ಎರಡು ದ್ರವಗಳು ಬೇಗ ದಾಟಿಬಿಡುತ್ತವೆ.

ಮಕ್ಕಳ ಜೊತೆ ಕಟ್ಟುವವರಿಗೆ ನನ್ನ ಸಲಹೆ: ಪ್ಲಾಸ್ಟಿಕ್ಕೇ ಬೇಡ. ರಟ್ಟು, ಬಿಳಿ ಅಂಟು, ಜಲವರ್ಣ ಸಾಕು. ಇದು ಕೀಳುದರ್ಜೆಯ ದಾರಿಯೆಂದು ತಿಳಿಯಬೇಡಿ. ಡಿಡ್‌ಕಾಟಿನ ಬಳಿಯ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿ ಪೆಂಡನ್ ಮ್ಯೂಸಿಯಂ ಇದೆ. ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ ಎಂಬವರು 1954ರಲ್ಲಿ ಅದನ್ನು ಆರಂಭಿಸಿದರು. ಸುತ್ತಲಿನ ಹಳ್ಳಿಗಳ ಹಳೆಯ ಮನೆಗಳು ಕಣ್ಣೆದುರೇ ಮಾಯವಾಗುವುದನ್ನು ನೋಡಲಾರದೆ, ಇದೇ 4 ಮಿಲಿಮೀಟರ್ ಅಳತೆಯಲ್ಲಿ ಅವನ್ನು ಉಳಿಸಲು ಹೊರಟವರು ಅವರು. ಅಲ್ಲಿನ ಮನೆಗಳು ಹೆಚ್ಚಾಗಿ ರಟ್ಟಿನವೇ. ಪರದೇಶದಿಂದ ಬಂದವರೊಬ್ಬರು ಆ ನಾಡಿನ ಹಳ್ಳಿಯನ್ನು ಕಾಪಾಡಿದ್ದು ನಮ್ಮಂಥವರು ನೆನಪಿಡಬೇಕಾದ ಸಂಗತಿ.

ಶಾಲೆಗೆ ರಜ ಬಂದಾಗ ಪೆಂಡನ್, ಡಿಡ್‌ಕಾಟ್ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದು. ತೆರೆದಿರುವ ದಿನ ಮೊದಲೇ ವಿಚಾರಿಸಿ, ಬುತ್ತಿಗೆ ಚಿತ್ರಾನ್ನ ಕಟ್ಟಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಶೆಡ್ಡಿನೊಳಗಿನ ಕ್ರೇನು, ಮತ್ತು ಮೂಟೆಗಳಿಗೆ ಅಕ್ಕಿಕಾಳು ಆದೀತೇ ಎಂಬ ವಿಚಾರ.