ಮಳೆಯಲ್ಲಿ ನೆನೆಯುವ ಪ್ರೀತಿ ಸಾಕು, ಬರಗಾಲದ ಪ್ರೀತಿ ಬರೆಯಿರಿ

ಫೋನಿನಲ್ಲಿ ಕಂತು ಕಂತಾಗಿ ಬರುವ ಪ್ರೇಮಕಥೆಗಳಲ್ಲಿ ಒಂದು ಮಾಮೂಲಿ ಅಧ್ಯಾಯ ಇರುತ್ತದೆ. ಹುಡುಗ ಹುಡುಗಿ ಮಾತು ಬಿಟ್ಟಿರುತ್ತಾರೆ. ಅಷ್ಟರಲ್ಲಿ ಜೋರು ಮಳೆ. ಹೊಳೆ ಉಕ್ಕುತ್ತದೆ, ಗುಡ್ಡ ಜರಿಯುತ್ತದೆ, ಕರೆಂಟು ಹೋಗುತ್ತದೆ. ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಬೆಳಗಾಗುವಷ್ಟರಲ್ಲಿ ಮುನಿಸೂ ಇಲ್ಲ, ಪ್ರವಾಹವೂ ಇಲ್ಲ. ಮುಂದಿನ ಕಂತಿನಲ್ಲಿ ಮದುವೆ ಛತ್ರ. ಆ ರಾತ್ರಿ ಕೊಚ್ಚಿಹೋದ ಮನೆ ಯಾರದು, ಆ ಮನೆಯವರು ಈಗ ಎಲ್ಲಿದ್ದಾರೆ ಎಂದು ಕಥೆ ಕೇಳುವುದಿಲ್ಲ.

ಈ ಅಧ್ಯಾಯ ಸುಳ್ಳು. ವಿಪತ್ತು ಇಬ್ಬರನ್ನು ಒಂದು ಮಾಡಿ ಹೊರಟುಹೋಗುವ ನೆಂಟನಲ್ಲ. ಅದು ಮನೆಯೊಳಗೆ ಕೂತು ಯಾರು ಯಾರನ್ನು ಮದುವೆಯಾಗಬೇಕು, ಯಾರು ಆಗಬಾರದು ಎಂದು ತೀರ್ಮಾನ ಮಾಡುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕನ್ನಡದ ಪ್ರೇಮಕಥೆಗೆ ಮಳೆಯ ಹುಚ್ಚು ಹಳೆಯದು. 2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ಸಿನಿಮಾ ಚೆನ್ನಾಗಿತ್ತು, ನಾವೂ ಕುಣಿದೆವು. ಆದರೆ ಅಲ್ಲಿಂದಾಚೆಗೆ ಪ್ರೀತಿ ಎಂದರೆ ಮಲೆನಾಡು, ಕೊಡಗು, ಜೋಗ, ಕೊಡೆ ಎಂಬ ಲೆಕ್ಕ ಗಟ್ಟಿಯಾಯಿತು. 2018ರ ಆಗಸ್ಟ್‌ನಲ್ಲಿ ಅದೇ ಕೊಡಗಿನಲ್ಲಿ ಗುಡ್ಡಗಳು ಜರಿದು ಜನ ಸತ್ತರು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿತ್ತು. ಇಷ್ಟಾದರೂ ಕಥೆಗಳಲ್ಲಿ ಮಳೆ ಇನ್ನೂ ಬಣ್ಣದ ಪರದೆಯಾಗಿಯೇ ನೇತಾಡುತ್ತಿದೆ.

ವಿಪತ್ತನ್ನೂ ಗಂಡು-ಹೆಣ್ಣಿನ ಸಂಬಂಧವನ್ನೂ ಒಟ್ಟಿಗೆ ಬರೆಯುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ಒಂದು ಪಾಠ ಇದೆ. ನಾ. ಡಿಸೋಜ ಅವರ 'ದ್ವೀಪ' ಕಾದಂಬರಿ. ಶರಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಊರುಗಳನ್ನು ನುಂಗುತ್ತಿದೆ. ಉಳಿದವರು ಗಂಟುಮೂಟೆ ಕಟ್ಟಿದ್ದಾರೆ. ಒಂದು ಸಂಸಾರ ಮಾತ್ರ ಗುಡ್ಡದ ಮನೆಯಲ್ಲಿ ಉಳಿದಿದೆ. ಸುತ್ತ ನೀರು ದಿನಾ ಒಂದಿಷ್ಟು ಏರುತ್ತದೆ. ನೀರು ಏರಿದ ಹಾಗೆ ಗಂಡನ ಮನಸ್ಸಿನಲ್ಲಿ ಅನುಮಾನವೂ ಏರುತ್ತದೆ. ಸಹಾಯಕ್ಕೆ ಬಂದವನ ಜೊತೆ ಹೆಂಡತಿ ನಕ್ಕರೆ ಅವನಿಗೆ ಸಂಕಟ. ಇಲ್ಲಿ ಪ್ರವಾಹ ಹಿನ್ನೆಲೆಯಲ್ಲ. ದಾಂಪತ್ಯವನ್ನು ಅಳೆಯುವ ಅಳತೆಗೋಲೇ ಅದು.

ಗಿರೀಶ್ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದರು. 2001ರ ಸಾಲಿನ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೆ ದುಡ್ಡು ಹಾಕಿ, ನಾಗಿಯ ಪಾತ್ರ ಮಾಡಿದ ಸೌಂದರ್ಯ ನಮ್ಮ ಪಕ್ಕದ ಮುಳಬಾಗಿಲು ಸೀಮೆಯವರು. ಮಳೆಗಾಲವಿಡೀ ಹೋರಾಡಿ ಮನೆ ಉಳಿಸುವವಳು ನಾಗಿ. ಕೊನೆಗೆ ಗಂಡ ಅದರ ಶ್ರೇಯಸ್ಸನ್ನೆಲ್ಲ ದೇವರಿಗೆ ಕೊಟ್ಟುಬಿಡುತ್ತಾನೆ. ಆ ಒಂದು ಮಾತಿಗೆ ಅವಳ ಮುಖ ನೋಡಿದರೆ ಸಾಕು, ಯಾವ ಪ್ರವಾಹ ದೊಡ್ಡದು ಎಂದು ತಿಳಿಯುತ್ತದೆ.

ಆದರೆ 'ದ್ವೀಪ' ನೀರು ಹೆಚ್ಚಾದವರ ಕಥೆ. ನಮ್ಮದು ಉಲ್ಟಾ. ನಮ್ಮ ವಿಪತ್ತಿಗೆ ಸದ್ದಿಲ್ಲ, ಟಿವಿಯಲ್ಲಿ ತೋರಿಸಲು ಚಿತ್ರವೂ ಇಲ್ಲ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಪಕ್ಕದಲ್ಲೇ ಹಾದುಹೋಗುತ್ತದೆ, ಬಹುಪಾಲು ದಿನ ಮರಳಾಗಿ. ಸಾವಿರ ಅಡಿ ದಾಟಿದರೂ ಬೋರ್‌ನಲ್ಲಿ ಧೂಳು ಬರುವುದುಂಟು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಆ ವರ್ಷ ರಾಜ್ಯಕ್ಕೆಲ್ಲ ಬರ ಸುದ್ದಿಯಾಯಿತು. ನಮಗೆ ಅದು ಸುದ್ದಿಯಾಗುವಷ್ಟು ಹೊಸದಾಗಿರಲಿಲ್ಲ.

ಈ ಬರ ಮದುವೆ ಮಾತುಕತೆಯ ಚಾಪೆಯ ಮೇಲೆ ಹೇಗೆ ಬಂದು ಕೂರುತ್ತದೆ ನೋಡಿ. ಹೆಣ್ಣಿನ ಕಡೆಯವರು ಹುಡುಗನ ಗುಣ ಕೇಳುವ ಮೊದಲು ಎಷ್ಟು ಬೋರ್ ಇದೆ, ಎಷ್ಟು ಇಂಚು ನೀರಿದೆ, ಎಷ್ಟು ಫೇಲ್ ಆಗಿವೆ ಎಂದು ಕೇಳುತ್ತಾರೆ. ಅವರನ್ನು ದುರಾಸೆಯವರು ಎನ್ನಬೇಡಿ. ನೀರು ಹೊರುವವಳು ಅವರ ಮಗಳು. ಫೇಲ್ ಆದ ಬೋರ್‌ನ ಸಾಲಕ್ಕೆ ಒಡವೆ ಬಿಚ್ಚಿಕೊಡಬೇಕಾದವಳೂ ಅವಳೇ.

2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಜನ ನಕ್ಕರು. ಕಾವೇರಿ ನಾಲೆ ಇರುವ ಮಂಡ್ಯದ ರೈತರ ಮಕ್ಕಳಿಗೇ ಈ ಗತಿಯಾದರೆ ನಮ್ಮ ಚಿಂತಾಮಣಿಯ ಟೊಮೆಟೊ ಬೆಳೆಗಾರನ ಮಗನ ಪಾಡೇನು? ಅದೇ ವರ್ಷ ವಿಧಾನಸಭಾ ಚುನಾವಣೆಗೆ ಮುಂಚೆ ಎಚ್.ಡಿ. ಕುಮಾರಸ್ವಾಮಿ ಕೋಲಾರದಲ್ಲಿ ಒಂದು ಭರವಸೆ ಕೊಟ್ಟರು: ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ. ರಾಜಕಾರಣಿಗೆ ಕಂಡ ಈ ಪ್ರೇಮದ ಸಮಸ್ಯೆ ಪ್ರೇಮಕಥೆ ಬರೆಯುವವರಿಗೆ ಯಾಕೆ ಕಾಣುವುದಿಲ್ಲ?

ಇನ್ನು ನಗು. ಕಥೆಗಳಲ್ಲಿ ನಾಯಕಿ ನಕ್ಕರೆ ಮುತ್ತು ಉದುರುತ್ತದೆ. ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಆಳದ ನೀರಿನ ಫ್ಲೋರೈಡ್ ಕುಡಿದು ಹಲ್ಲು ಕಂದುಗಟ್ಟಿದ ಹೆಣ್ಣುಮಕ್ಕಳಿದ್ದಾರೆ. ಒಂದು ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎಂಬ ನಿಯಮ ಇದೆ. ದಾಟಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದವಳು ಫೋಟೋಗೆ ಬಾಯಿ ಮುಚ್ಚಿಕೊಂಡೇ ನಿಲ್ಲುತ್ತಾಳೆ. ಗಂಡು ನೋಡಲು ಬಂದಾಗ ತಲೆ ತಗ್ಗಿಸುತ್ತಾಳೆ, ಎಲ್ಲರೂ ಅದನ್ನು ನಾಚಿಕೆ ಎಂದುಕೊಳ್ಳುತ್ತಾರೆ. ಈ ಹುಡುಗಿ ಮೊದಲ ಸಲ ಯಾರ ಮುಂದೆ ಬಾಯಿ ತುಂಬ ನಗುತ್ತಾಳೆ? ಇದಕ್ಕಿಂತ ದೊಡ್ಡ ಪ್ರೇಮಕಥೆ ಬೇಕೆ?

ಶಿಡ್ಲಘಟ್ಟಕ್ಕೆ ಬನ್ನಿ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಸೊಪ್ಪು ಎನ್ನುತ್ತದೆ. ಸರಿಯಾಗಿ ಆ ವಾರ ಬೋರ್ ಕೈಕೊಟ್ಟರೆ, ಕಾಸು ಕೊಟ್ಟರೂ ಹೊರಗೆ ಸೊಪ್ಪು ಸಿಗದಿದ್ದರೆ, ಬೆಳೆ ಹೋಯಿತು. ಆ ಗೂಡಿನ ದುಡ್ಡಿನಲ್ಲಿ ಇಟ್ಟುಕೊಂಡಿದ್ದ ಮದುವೆಯ ದಿನವೂ ಹೋಯಿತು. ನಾವು ಬೆಳೆಯುವ ರೇಷ್ಮೆಯಲ್ಲಿ ಊರೂರಿನ ಮದುಮಗಳು ಧಾರೆ ಸೀರೆ ಉಡುತ್ತಾಳೆ, ಹುಳು ಸಾಕಿದ ಮನೆಯ ಹುಡುಗಿ ಇನ್ನೊಂದು ಬೆಳೆಗೆ ಕಾಯುತ್ತಾಳೆ. ಕಾದಂಬರಿಗೆ ಇಷ್ಟು ಸಾಲದೆ?

ನಮ್ಮ ಊರುಗಳಿಗೆ ಬರಕ್ಕೂ ಮದುವೆಗೂ ಇರುವ ಗಂಟು ಯಾವತ್ತೋ ಗೊತ್ತಿದೆ. ಮಳೆ ಬರಲಿ ಎಂದು ಕಪ್ಪೆಗೆ, ಕತ್ತೆಗೆ ಮದುವೆ ಮಾಡುತ್ತೇವೆ. ಎಳೆ ಮಕ್ಕಳಿಗೆ ಬಾಸಿಂಗ ಕಟ್ಟಿ ಆಟದ ಮದುವೆ ಮಾಡುತ್ತೇವೆ. ಮಳೆ ಬರಲು ಮದುವೆ ಬೇಕು ಎನ್ನುವುದು ನಮ್ಮ ಹಿರಿಯರ ನಂಬಿಕೆ. ಮದುವೆಯಾಗಲು ಮಳೆ ಬೇಕು ಎನ್ನುವುದು ನಮ್ಮ ಕಾಲದ ಲೆಕ್ಕ.

ಇದಕ್ಕೆ ಬರುವ ಮೊದಲ ಉತ್ತರ ಗೊತ್ತು: "ಹಗಲೆಲ್ಲ ಅದೇ ಬರ, ಅದೇ ಸಾಲ. ರಾತ್ರಿ ಅರ್ಧ ಗಂಟೆ ಫೋನಿನಲ್ಲಿ ಕಥೆ ಓದುವುದು ಅದನ್ನು ಮರೆಯೋಕೆ. ಅಲ್ಲೂ ಬೋರ್‌ವೆಲ್ಲಾ?" ನ್ಯಾಯವಾದ ಮಾತು. ಕಥೆ ಗೋಳಾಗಬೇಕು ಎಂದು ನಾವೂ ಹೇಳುತ್ತಿಲ್ಲ. ಟ್ಯಾಂಕರ್ ಮುಂದೆ ಬಿಂದಿಗೆ ಸಾಲಿನಲ್ಲೂ ಕಣ್ಣು ಕಣ್ಣು ಸೇರುತ್ತವೆ. ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬುವಷ್ಟರಲ್ಲಿ ಎಷ್ಟೋ ಮಾತು ಆಗುತ್ತವೆ. ಅಲ್ಲಿ ಪೋಲಿ ಇದೆ, ಜಗಳ ಇದೆ, ತೆಲುಗು ಬೆರೆತ ನಮ್ಮ ಕನ್ನಡದ ತಮಾಷೆ ಇದೆ. ಕಷ್ಟ ಮರೆಸುವ ಕಥೆ ಬೇರೆ, ಕಷ್ಟಪಡುವವರನ್ನೇ ಅಳಿಸಿಹಾಕುವ ಕಥೆ ಬೇರೆ. ಬಂಗಲೆಯ ನಾಯಕನ ಕಥೆ ನೂರು ಕಂತು ಓದಿದ ಹುಡುಗಿಗೆ ತನ್ನ ಊರಿನಲ್ಲಿ ಪ್ರೀತಿಗೆ ಲಾಯಕ್ಕಾದ ಒಬ್ಬನೂ ಇಲ್ಲ ಅನ್ನಿಸಿದರೆ ಅದು ಅವಳ ತಪ್ಪಲ್ಲ.

ಎರಡನೇ ಉತ್ತರ ಓದಿಕೊಂಡವರದು. ಪ್ರೇಮ ಕಾದಂಬರಿ ಹಗುರ, ಬರ-ನೆರೆಯಂಥ ಗಂಭೀರ ವಿಷಯ ಅದರಲ್ಲಿ ಹಿಡಿಸುವುದಿಲ್ಲ ಎನ್ನುತ್ತಾರೆ. ತ್ರಿವೇಣಿಯವರ ಕಾದಂಬರಿಗಳನ್ನು ಹೆಂಗಸರು ಅಡುಗೆಮನೆಯಲ್ಲಿ ಕೂತು ಓದಿದರು. 'ಶರಪಂಜರ'ದಲ್ಲಿ ಇದ್ದದ್ದು ಬಾಣಂತನದ ನಂತರ ಮನಸ್ಸು ಕೆಟ್ಟವಳ ಸಂಸಾರ. ಆ ವಿಷಯ ಮನೆಮನೆಗೆ ಮುಟ್ಟಿದ್ದು ಕಾದಂಬರಿಯಿಂದ, ಆಮೇಲೆ ಸಿನಿಮಾದಿಂದ. ಜನ ಓದುವ ಕಥೆಯಲ್ಲಿ ಹೇಳಿದ್ದೇ ಜನಕ್ಕೆ ತಲುಪುವುದು.

ಇದು ಬರೀ ಸಾಹಿತ್ಯದ ಜಗಳವೂ ಅಲ್ಲ. ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆದದ್ದು 2014ರಲ್ಲಿ. ಅತ್ತ ಸಕಲೇಶಪುರದ ಬಳಿ ಮೊದಲ ಹಂತದ ಪಂಪು ಶುರುವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ನಡುವೆ ಹತ್ತು ವರ್ಷ. "ನೀರು ಬರಲಿ, ಆಮೇಲೆ ಮದುವೆ" ಎಂದು ಕಾದವನ ತಲೆಗೂದಲು ಅಷ್ಟರಲ್ಲಿ ಹಣ್ಣಾಗಿರುತ್ತದೆ. ಈ ಮಧ್ಯೆ ಬಂದದ್ದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆ.ಸಿ. ವ್ಯಾಲಿಯಿಂದ ಚಿಂತಾಮಣಿ ಕಡೆಗೆ, ಎಚ್.ಎನ್. ವ್ಯಾಲಿಯಿಂದ ಜಿಲ್ಲೆಯ ಕೆರೆಗಳಿಗೆ. ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಬೇಕು ಎಂದು ನಮ್ಮವರು ಕೇಳುತ್ತಲೇ ಇದ್ದಾರೆ. ಈ ಕಾಯುವಿಕೆಗೆ ಕಡತದಲ್ಲಿ ಕೋಟಿಗಳ ಲೆಕ್ಕ ಇದೆ. ಅದರಲ್ಲಿ ಕಳೆದುಹೋದ ವಯಸ್ಸಿಗೆ, ಮುರಿದ ಮಾತಿಗೆ ಲೆಕ್ಕ ಇಲ್ಲ. ಆ ಲೆಕ್ಕ ಇಡಬೇಕಾದದ್ದು ಕಥೆ.

ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪ ಅಳೆಯುವ ಕೇಂದ್ರ ಇದೆ. ಭೂಮಿಯ ಆಚೆ ಬದಿಯ ನಡುಕವೂ ಅಲ್ಲಿ ದಾಖಲಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಸುತ್ತ ಭೂಮಿ ನಡುಗಿ ಜನ ಮನೆಯಿಂದ ಆಚೆ ಓಡಿಬಂದರು. ಅದರ ತೀವ್ರತೆ 3ರ ಆಸುಪಾಸು ಎಂದು ಯಂತ್ರ ಹೇಳಿತು. ಆ ಚಳಿಯಲ್ಲಿ ಮಕ್ಕಳನ್ನು ಅವುಚಿಕೊಂಡು ಬಯಲಲ್ಲಿ ನಿಂತವರ ಒಳಗಿನ ನಡುಕ ಎಷ್ಟು ಎಂದು ಯಂತ್ರಕ್ಕೆ ಹೇಳಲು ಬರುವುದಿಲ್ಲ.

ಓದುವವರಿಗೆ ಒಂದು ಮಾತು. ಮುಂದಿನ ಕಂತಿನಲ್ಲಿ ಪ್ರವಾಹ ಬಂದರೆ ಕೆಳಗೆ ಕಾಮೆಂಟಿನಲ್ಲಿ ಕೇಳಿ: ಮನೆ ಕಳಕೊಂಡವರು ಎಲ್ಲಿ ಹೋದರು? ಆ ಮನೆಗೆ ನೀರು ಹೊರುವವರು ಯಾರು? ಸಾಲ ಯಾರ ಹೆಸರಿನಲ್ಲಿದೆ? ಓದುವವರು ಕೇಳಿದರೆ ಬರೆಯುವವರು ಬದಲಾಗುತ್ತಾರೆ, ಅವರಿಗೂ ನೀವೇ ಬೇಕು.

ಬರೆಯುವವರಿಗೆ ಇನ್ನೊಂದು. ಶಿಡ್ಲಘಟ್ಟದ, ಚಿಂತಾಮಣಿಯ, ಗೌರಿಬಿದನೂರಿನ ಅಕ್ಕಂದಿರೇ, ಅಣ್ಣಂದಿರೇ, ಫೋನು ನಿಮ್ಮ ಕೈಯಲ್ಲೇ ಇದೆ, ಭಾಷೆಯೂ ನಿಮ್ಮದೇ. ಕೊಡಗಿನ ಮಳೆ ಕೊಡಗಿನವರು ಬರೆಯಲಿ. ರಿಗ್ ಲಾರಿ ಹೊಲಕ್ಕೆ ಬಂದ ರಾತ್ರಿ ನೀರು ಬೀಳುತ್ತದೋ ಧೂಳು ಬರುತ್ತದೋ ಎಂದು ಇಬ್ಬರು ಪಕ್ಕ ಪಕ್ಕ ನಿಂತು ಕಾಯುತ್ತಾರಲ್ಲ, ಅಲ್ಲಿಂದ ಶುರುಮಾಡಿ.