ತೋಟ ಹೋಗಿ ‘ಹೋಟ’ ಆದದ್ದು

ಅಪ್ಪ ಇಪ್ಪತ್ತೆಂಟು ವರ್ಷ ಇಂಚು, ಸೆಂಟು ಲೆಕ್ಕದಲ್ಲಿ ಬರೆದಿಟ್ಟ ಮಳೆ ಪುಸ್ತಕವನ್ನು ಹೋದ ಮಳೆಗಾಲವಿಡೀ ಕೂತು ಕಂಪ್ಯೂಟರಿಗೆ ಹಾಕಿದೆ. ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಟೈಪ್ ಮುಗಿದ ಮೇಲೆ ಸುಟ್ಟೂ ಬಿಟ್ಟೆ. ಬೆಂಗಳೂರಲ್ಲಿರುವ ಅಣ್ಣನ ಮಗ ಫೋನಿನಲ್ಲೇ ಪೈಥಾನ್ ಹೇಳಿಕೊಟ್ಟ. ಯಾವ ವರ್ಷ ಎಷ್ಟು ಹೂಮಳೆ ಬಂತು ಅಂತ ಕೂಡಿಸುವ ಹತ್ತು ಸಾಲಿನ ಪ್ರೋಗ್ರಾಂ. ಚೆನ್ನಾಗೇ ಓಡುತ್ತಿತ್ತು.

ಮೊನ್ನೆ ನನಗೆ ಅಚ್ಚುಕಟ್ಟಿನ ಹುಚ್ಚು ಹಿಡಿಯಿತು. ‘ಕುಟ್ಟ’ ಫೋಲ್ಡರಿನೊಳಗೆ ‘ತೋಟ’ ಅಂತ ಇನ್ನೊಂದು ಮಾಡಿ, ‘ಮಳೆ’ ಫೈಲನ್ನು ಅದಕ್ಕೆ ಸರಿಸಿ, ಪ್ರೋಗ್ರಾಮಿನಲ್ಲೂ ದಾರಿ ತಿದ್ದಿದೆ. ಓಡಿಸಿದರೆ ಫೈಲೇ ತೆರೆಯಲಿಲ್ಲ! ಎದೆ ಧಸಕ್ ಅಂತು. ಸುಟ್ಟ ಪುಸ್ತಕ ಎಲ್ಲಿಂದ ತರಲಿ? ಫೋಲ್ಡರ್ ತೆಗೆದು ನೋಡಿದೆ, ಫೈಲ್ ಅಲ್ಲೇ ಇದೆ. ಮತ್ತೆ ಯಾಕೆ ಸಿಗೋದಿಲ್ಲ?

“ಅತ್ತೆ, ಕೆಂಪಕ್ಷರದ ಸಾಲನ್ನು ನಿಧಾನ ಓದಿ” ಅಂದ ಹುಡುಗ. ಓದಿದೆ. ಕುಟ್ಟದ ಮುಂದೆ ಬ್ಯಾಕ್‌ಸ್ಲಾಶ್ ಎರಡಿದೆ, ಮಳೆಯ ಮುಂದೂ ಎರಡು, ತೋಟದ ಮುಂದೆ ಮಾತ್ರ ಒಂದೇ. “ಅಲ್ಲೇ ಇದೆ ನೋಡಿ ಕಳ್ಳ!”

ಸಂಗತಿ ಇಷ್ಟು. ಉದ್ಧರಣ ಚಿಹ್ನೆಯೊಳಗೆ ಬ್ಯಾಕ್‌ಸ್ಲಾಶ್ ಬಂದರೆ, ಮುಂದಿನ ಅಕ್ಷರಕ್ಕೆ ಬೇರೆ ಅರ್ಥ ಇರಬಹುದು ಅಂತ ಪೈಥಾನ್ ನೋಡುತ್ತದೆ. ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. ಇಂಗ್ಲಿಷಿನಲ್ಲಿ ಬರೆದ ತೋಟ ಶುರುವಾಗೋದೇ ಟಿಯಿಂದ. ಅದನ್ನು ಟ್ಯಾಬ್ ನುಂಗಿತು, ಉಳಿದದ್ದು ‘ಹೋಟ’! ಕೆ, ಎಮ್ ಅಕ್ಷರಗಳಿಗೆ ಅಂಥ ಗುಪ್ತಾರ್ಥ ಇಲ್ಲ, ಹಾಗಾಗಿ ಇಷ್ಟು ದಿನ ನನ್ನ ತಪ್ಪು ತಪ್ಪಾಗಿ ಕಾಣಲೇ ಇಲ್ಲ. 3.12ರಿಂದ ಈಚಿನ ಪೈಥಾನ್ ಇಂಥ ಕಡೆ ಎಚ್ಚರಿಕೆ ತೋರಿಸುತ್ತದೆ. ನನ್ನದು ಹಳೇದು, ಸುಮ್ಮನಿತ್ತು.

ಈ ಉಲ್ಟಾ ಗೆರೆ ಯಾಕಪ್ಪಾ ಬೇಕಿತ್ತು ಅಂತ ಬೈದೆ. ಮೈಕ್ರೋಸಾಫ್ಟ್‌ನವರು 1983ರಲ್ಲಿ ಡಾಸ್ 2.0ಕ್ಕೆ ಫೋಲ್ಡರ್ ತಂದಾಗ, ನೆಟ್ಟಗಿನ ಸ್ಲಾಶ್ ಆಗಲೇ ಆಜ್ಞೆಗಳ ಜೊತೆ ಬೇರೆ ಕೆಲಸದಲ್ಲಿತ್ತಂತೆ. ಅವರು ಉಳಿಸಿದ ತಲೆನೋವು ಕುಟ್ಟದವರೆಗೆ ಬಂತು.

ಬ್ಯಾಕ್‌ಸ್ಲಾಶನ್ನು ಎರಡೆರಡು ಸಲ ಹಾಕಬಹುದು. ಚಿಹ್ನೆಗೆ ಮೊದಲು ಆರ್ ಅಕ್ಷರ ಇಟ್ಟರೂ ಸಾಕು, ಆದರೆ ಆಗ ದಾರಿಯ ಕೊನೆಯಲ್ಲಿ ಒಂಟಿ ಬ್ಯಾಕ್‌ಸ್ಲಾಶ್ ಬಿಡಬಾರದು, ಚಿಹ್ನೆ ಮುಚ್ಚೋದೇ ಇಲ್ಲ. ನಾನಂತೂ ನೆಟ್ಟಗಿನ ಸ್ಲಾಶ್ ಹಾಕಿದೆ. ವಿಂಡೋಸ್‌ನಲ್ಲೂ ಪೈಥಾನ್ ಅದನ್ನು ತಕರಾರಿಲ್ಲದೆ ಒಪ್ಪುತ್ತದೆ.

ಎಂಟರ್ ಒತ್ತಿದೆ. ಅಪ್ಪನ ಮೊದಲ ಮಾರ್ಚ್ ಪರದೆ ಮೇಲೆ ಬಂತು: ಒಂದು ಇಂಚು, ಇಪ್ಪತ್ತು ಸೆಂಟು.