ತಾರೀಖು ಓದುವ ಅತಿಜಾಣತನ

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ ದಿನವನ್ನು ನಾವು 04-05-1799 ಎಂದು ಬರೆಯುತ್ತೇವೆ. ಬರಹದಲ್ಲಿರುವ ತಾರೀಖನ್ನು ಗಣಕದ ತಾರೀಖಾಗಿಸುವ ಪೈಥಾನಿನ ಡೇಟ್‌ಯುಟಿಲ್‌ಗೆ ಅದನ್ನು ಹಾಗೇ ಕೊಟ್ಟು ನೋಡಿ: ಏಪ್ರಿಲ್ 5 ಎನ್ನುತ್ತದೆ. ಅಮೆರಿಕದವರಂತೆ ತಿಂಗಳನ್ನು ಮೊದಲು ಓದುವುದು ಅದರ ರೂಢಿ. ಏಪ್ರಿಲ್ 5 ಕೋಟೆಯ ಮುತ್ತಿಗೆ ಶುರುವಾದ ದಿನ. ಹಾಗಾಗಿ ತಪ್ಪು ಕಣ್ಣಿಗೂ ಬೀಳುವುದಿಲ್ಲ. 13-05-1799 ಕೊಟ್ಟರೆ, ಹದಿಮೂರನೇ ತಿಂಗಳಿಲ್ಲವಲ್ಲ, ಸದ್ದಿಲ್ಲದೆ ದಿನವನ್ನೇ ಮೊದಲು ಓದುತ್ತದೆ. ಒಂದೇ ಪಟ್ಟಿಗೆ ಎರಡು ನ್ಯಾಯ! ಇದನ್ನು ಜಾಣತನ ಎನ್ನುವವರಿದ್ದಾರೆ. ನಾನು ಸೋಗಲಾಡಿತನ ಎನ್ನುತ್ತೇನೆ.

ಟಿಪ್ಪುವಿನ ಮೌಲೂದಿ ಶಕೆಯ ನಾಣ್ಯಗಳಲ್ಲಿ ಇಸವಿಯ ಅಂಕಿಗಳು ಬಲದಿಂದ ಎಡಕ್ಕೆ: 1215 ಎಂಬುದು 5121 ಎಂದು ಕಾಣುತ್ತದೆ. ನಾಣ್ಯ ಬಲ್ಲವರು ಮೊದಲು ಆ ಕಾಲದ ರೂಢಿ ವಿಚಾರಿಸಿ ಆಮೇಲೆ ಓದುತ್ತಾರೆ. ಪ್ರೋಗ್ರಾಮ್ ಬರೆಯುವವರಿಗೆ ಅಷ್ಟೂ ವ್ಯವಧಾನವಿಲ್ಲವೇ? ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ಸ್ಟ್ರಿಪ್‌ಟೈಮ್‌ಗೆ ಬಾಯಿಬಿಟ್ಟು ಹೇಳಿ. ಕ್ರಮಕ್ಕೆ ಹೊಂದದ ತಾರೀಖು ಬಂದರೆ ಅದು ದೋಷ ತೋರಿಸಿ ನಿಲ್ಲುತ್ತದೆ. ನಿಲ್ಲಲಿ.